ಟಾಕಿ ರಿಪೇರಿ ಆಗ್ಯಾದ, ಗಾಡಿ ಯಾಕ ಚಾಲೂ ಆಗವಲ್ದು?

ಕಲಬುರಗಿ ಜಿಲ್ಲೆಯ ಸೇಡಂ–ಚಿತ್ತಾಪುರ ರಸ್ತೆಯಲ್ಲಿ ಹಳೇ ಅಂಬಾಸಿಡರ್ ಒಂದು ಕೆಟ್ಟು ನಿಂತರೆ ಸಾಕು, ಎಲ್ಲಿಂದಲೋ ಜನ ಸೇರುತ್ತಾರೆ. ಸೇರಿದವರೆಲ್ಲ ಬಾನೆಟ್ಟಿನ ಕಡೆಗೇ ಬಗ್ಗುತ್ತಾರೆ. ಒಬ್ಬ ಪ್ಲಗ್ ಬಿಚ್ಚು ಅನ್ನುತ್ತಾನೆ, ಇನ್ನೊಬ್ಬ ಪಾಯಿಂಟ್ ಉಜ್ಜು ಅನ್ನುತ್ತಾನೆ, ಮತ್ತೊಬ್ಬ ಯಾರನ್ನೂ ಕೇಳದೆ ಕಾರ್ಬೊರೇಟರಿಗೆ ಸ್ಪ್ಯಾನರ್ ಹಾಕುತ್ತಾನೆ. ಹಿಂದೆ ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿ ಕಿವಿಗೊಟ್ಟು ಕೇಳುವವರು ಅಪರೂಪ. ಟ್ಯಾಂಕ್ ರಿಪೇರಿಯಾಗಿ ಈಗಷ್ಟೇ ಕೂತ ಗಾಡಿಯಾದರೆ ಕೇಳಬೇಕಾದ್ದು ಅಲ್ಲೇ. ಅಂಥ ಗಾಡಿಯ ತಕರಾರುಗಳಲ್ಲಿ ಬಹುಪಾಲು ಹಿಂದೆ ಹುಟ್ಟಿ ಮುಂದೆ ಕಾಣಿಸಿಕೊಳ್ಳುತ್ತವೆ.

ಈ ಸೀಮೆಯಲ್ಲಿ ಹಳೇ ಕಾರು ಇಟ್ಟುಕೊಂಡವರು ವಿಂಟೇಜ್ ರ‍್ಯಾಲಿಗೆ ಹೋಗುವ ಪೈಕಿಯಲ್ಲ. ಬೆಂಗಳೂರು, ಮೈಸೂರಿನಲ್ಲಿ ಭಾನುವಾರ ಬೆಳಿಗ್ಗೆ ಮಿರಮಿರ ಹೊಳೆಯುವ ಕಾರುಗಳು ಸಾಲಾಗಿ ಹೊರಡುತ್ತವಲ್ಲ, ಆ ಲೋಕ ಬೇರೆ. ಇಲ್ಲಿ ಉಳಿದಿರುವುದು ಕೆಲಸ ಮಾಡಿ ಸವೆದ ಗಾಡಿಗಳು: ಗುತ್ತಿಗೆದಾರರದ್ದು, ಹಳೇ ವೈದ್ಯರದ್ದು, ಊರ ಗೌಡರ ವಾಡೆಯ ಅಂಗಳದಲ್ಲಿ ನಿಂತದ್ದು, ಕಂಪನಿ ಹರಾಜು ಹಾಕಿದಾಗ ನಿವೃತ್ತ ನೌಕರರು ಕೊಂಡದ್ದು. ಕಾರಣ ನೆಲದಲ್ಲೇ ಇದೆ. ಕಾಗಿಣಾ ಕಣಿವೆಯ ಸುಣ್ಣದಕಲ್ಲು ಮೊದಲು ಫರ್ಸಿಯಾಗಿ ಮನೆಗಳ ನೆಲಕ್ಕೆ ಹಾಸುಗಲ್ಲಾಯಿತು, ಆಮೇಲೆ ಸಿಮೆಂಟಾಯಿತು. ಶಹಾಬಾದಿನಲ್ಲಿ ನಿಜಾಮರ ಕಾಲದಲ್ಲೇ ಸಿಮೆಂಟ್ ಕಾರ್ಖಾನೆ ಬಂದು, 1936ರಲ್ಲಿ ಹಲವು ಕಂಪನಿಗಳು ಕೂಡಿ ಎಸಿಸಿ ಆದಾಗ ಅದರೊಳಗೆ ಸೇರಿತು. ವಾಡಿಯಲ್ಲಿ 1968ರಲ್ಲಿ ಎಸಿಸಿಯ ದೊಡ್ಡ ಕಾರ್ಖಾನೆ ಶುರುವಾಯಿತು. ಎಂಬತ್ತರ ದಶಕದಲ್ಲಿ ಮಳಖೇಡದಲ್ಲಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ. ಒಂದೊಂದು ಚಿಮಣಿ ಎದ್ದಾಗಲೂ ಅದರ ಬುಡಕ್ಕೆ ಒಂದು ಕಾಲನಿ, ಒಂದು ಗೆಸ್ಟ್ ಹೌಸ್, ಅದರ ಮುಂದೆ ಬಿಳೀ ಅಂಬಾಸಿಡರ್. ಚಿಂಚೋಳಿಯಲ್ಲಿ ಸಿಮೆಂಟಿಗಿಂತ ಕಾಡು, ಮುಲ್ಲಾಮಾರಿ ಹೊಳೆ, ತೊಗರಿ ಹೊಲಗಳ ಮಾತೇ ಹೆಚ್ಚು. ಆದರೂ ಆ ಊರಿನ ವೀರೇಂದ್ರ ಪಾಟೀಲರು 1968ರಲ್ಲಿ ಮುಖ್ಯಮಂತ್ರಿಯಾದ ಮೇಲೆ ಅಲ್ಲಿಯೂ ಸರಕಾರಿ ಅಂಬಾಸಿಡರುಗಳ ಓಡಾಟಕ್ಕೆ ಬರವಿರಲಿಲ್ಲ.

ಈ ಕಾರಿಗೂ ಈ ನೆಲಕ್ಕೂ ಇನ್ನೊಂದು ನಂಟಿದೆ, ಹೆಚ್ಚು ಜನ ಗಮನಿಸದ್ದು. ಅಂಬಾಸಿಡರ್ ಬಿರ್ಲಾ ಮನೆತನದ ಕೂಸು. 1942ರಲ್ಲಿ ಶುರುವಾದ ಹಿಂದುಸ್ತಾನ್ ಮೋಟರ್ಸ್, ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಅಚ್ಚು ತಂದು ಕೋಲ್ಕತ್ತಾ ಬಳಿಯ ಉತ್ತರಪಾರಾದಲ್ಲಿ ಐವತ್ತರ ದಶಕದ ಕೊನೆಯಿಂದ ಈ ಕಾರನ್ನು ತಯಾರಿಸಿತು. ಮಳಖೇಡದ ಕಾರ್ಖಾನೆ ಕಟ್ಟಿದ್ದು ಆದಿತ್ಯ ಬಿರ್ಲಾ ಬಳಗ, ಸೇಡಂನದು ಬಿ.ಕೆ. ಬಿರ್ಲಾ ಅವರ ಕೇಸೋರಾಂ. ಹಿಂದುಸ್ತಾನ್ ಮೋಟರ್ಸ್ ಕೊನೆಗೆ ಉಳಿದದ್ದು ಸಿ.ಕೆ. ಬಿರ್ಲಾ ಬಳಗದ ಕೈಯಲ್ಲಿ. 2014ರ ಮೇ ತಿಂಗಳಲ್ಲಿ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. ಮರುವರ್ಷ, ಅದೇ ಬಳಗದ ಓರಿಯೆಂಟ್ ಸಿಮೆಂಟ್ ಚಿತ್ತಾಪುರ ತಾಲ್ಲೂಕಿನ ಇಟಗಾದಲ್ಲಿ ಉತ್ಪಾದನೆ ಶುರು ಮಾಡಿತು. ಕಾರು ಬಿಟ್ಟ ಮನೆ ಕಲ್ಲು ಹಿಡಿಯಿತು. 2017ರಲ್ಲಿ ಅಂಬಾಸಿಡರ್ ಎಂಬ ಹೆಸರು 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪೂಜೋ ಕಂಪನಿಗೆ ಹೋಯಿತು. ಈಗ ಬಿಡಿಭಾಗ ಬೇಕೆಂದರೆ ಕೇಳುವುದು ಯಾರನ್ನು? ಸೇಡಂನವರು ಹೈದರಾಬಾದ್ ರೈಲು ಹತ್ತಿ ಸಿಕಂದರಾಬಾದಿನ ರಾಣಿಗಂಜ್ ಗಲ್ಲಿ ಸುತ್ತುತ್ತಾರೆ. 1874ರಲ್ಲಿ ನಿಜಾಮರು ಹಾಕಿಸಿದ ವಾಡಿ–ಸಿಕಂದರಾಬಾದ್ ಹಳಿ ಚಿತ್ತಾಪುರ, ಸೇಡಂಗಳನ್ನು ಮುಟ್ಟಿಯೇ ಹೋಗುತ್ತದೆ; ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಎಸಿ ಪಂಪಿನ ಕಿಟ್ ಕೂಡ ಅದೇ ಹಳಿಯ ಮೇಲೆ ಬರುತ್ತದೆ.

ಸೇಡಂನಲ್ಲಿ ನಾನು ನೋಡಿದ ಗಾಡಿ ಮಾರ್ಕ್ ಫೋರ್. 1489 ಸಿಸಿಯ ಪೆಟ್ರೋಲ್ ಎಂಜಿನ್. ಒಡೆಯರು ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮಗನ ಮದುವೆಗೆ ಓಡಿಸಿದ್ದೇ ಕೊನೆ, ಆಮೇಲೆ ತಗಡಿನ ಶೆಡ್ಡಿನಲ್ಲಿ ನಿಂತುಬಿಟ್ಟಿತ್ತು. ಒಂದು ದಿನ ಶೆಡ್ಡಿನ ತುಂಬ ಪೆಟ್ರೋಲ್ ವಾಸನೆ. ಟ್ಯಾಂಕಿನ ಕೆಳಗೆ ಒದ್ದೆ. ಒಡೆಯರು ಮಾಡಿದ ಮೊದಲ ಕೆಲಸ ಈ ಭಾಗದ ಡ್ರೈವರುಗಳೆಲ್ಲ ಮಾಡುವುದೇ: ಬಟ್ಟೆ ಸಾಬೂನಿನ ತುಂಡು ತಂದು ಸೋರುವ ಜಾಗಕ್ಕೆ ತಿಕ್ಕಿದರು. ನಗಬೇಡಿ, ಇದು ನಿಲ್ಲುತ್ತದೆ. ಸಾಬೂನು ನೀರಿಗೆ ಕರಗುತ್ತದೆ, ಪೆಟ್ರೋಲಿಗೆ ಕರಗುವುದಿಲ್ಲ. ತಾಂಡೂರಿನಿಂದ ಸೇಡಂವರೆಗೆ ಬರಲು ಅಷ್ಟು ಸಾಕು. ಆದರೆ ಸಾಬೂನು ಹಚ್ಚಿ ಒಂದು ಮಳೆಗಾಲ ಕಳೆಯುತ್ತೇನೆ ಎಂದರೆ ಆಗದು.

ಟ್ಯಾಂಕ್ ಇಳಿಸಿದಾಗ ಅದರ ಬೆನ್ನ ಮೇಲೆ ಬೆರಳು ದಪ್ಪದ ಬೂದು ಮಣ್ಣು ಹೆಪ್ಪುಗಟ್ಟಿ ಕೂತಿತ್ತು. ಸಿಮೆಂಟ್ ಧೂಳು ಕಬ್ಬಿಣ ತಿನ್ನುತ್ತದೆ ಎಂಬ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ನನಗೆ ಒಪ್ಪಿಗೆಯಿಲ್ಲ. ಸಿಮೆಂಟ್ ಕ್ಷಾರ, ಅದರೊಳಗೆ ಹೂತ ಕಬ್ಬಿಣದ ಸರಳು ತುಕ್ಕು ಹಿಡಿಯದೆ ಉಳಿಯುವುದೇ ಆ ಕ್ಷಾರದಿಂದ. ತಿನ್ನುವುದು ನೀರು. ಧೂಳಿಗೆ ಕರಿ ಎರೆಮಣ್ಣು ಬೆರೆತು ಟ್ಯಾಂಕಿಗೂ ಡಿಕ್ಕಿಯ ತಗಡಿಗೂ ನಡುವೆ ಮೆತ್ತಿಕೊಂಡರೆ ಮಳೆ ನಿಂತು ವಾರವಾದರೂ ಆ ಜಾಗ ಒಣಗದು. ಹೊರಗಿನ ಜಂಗು ಅಲ್ಲಿಂದ ಶುರು. ಒಳಗಿನದ್ದಕ್ಕೆ ಬೇರೆ ಕಾರಣ: ಅರೆಬರೆ ತುಂಬಿದ ಟ್ಯಾಂಕಿನ ಖಾಲಿ ಜಾಗದಲ್ಲಿ ಗಾಳಿ, ಗಾಳಿಯಲ್ಲಿ ತೇವ. ಹಗಲು ಕಾದು ರಾತ್ರಿ ತಣಿದಾಗಲೆಲ್ಲ ಒಳಮೈಗೆ ಹನಿ ಕಟ್ಟಿ ಕೆಳಗಿಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರ. ತಳದ ಮಡಿಕೆಯಲ್ಲಿ ಹೋಗಿ ಕೂತದ್ದು ಮತ್ತೆ ಮೇಲೆ ಬರುವುದಿಲ್ಲ.

ಸೇಡಂನಲ್ಲಿ ಇಂಥ ಕೆಲಸಕ್ಕೆ ಕೈ ಇದೆ. ಸಿಮೆಂಟ್ ಲಾರಿಗಳ ಡೀಸೆಲ್ ಟ್ಯಾಂಕುಗಳು ದಿನವೂ ಒಡೆಯುತ್ತವೆ, ದಿನವೂ ಬೆಸೆಯಬೇಕು. ಹೀಗಾಗಿ ದೊಡ್ಡ ಊರುಗಳಲ್ಲಿ ಎಸೆದು ಹೊಸದು ಹಾಕು ಅನ್ನುವ ಟ್ಯಾಂಕನ್ನು ಇಲ್ಲಿ ಕೂತು ಬೆಸೆಯುತ್ತಾರೆ. ಅಂಥ ಉಸ್ತಾದ್ ಒಬ್ಬರು ಟ್ಯಾಂಕನ್ನು ತಿರುಗಿಸಿ ನೋಡಿ, ಒಡೆಯರಿಗೆ ಹೇಳಿದ ಮೊದಲ ಮಾತು ರೇಟಿನದ್ದಲ್ಲ. "ಸಾಹೇಬ್ರ, ಡೀಸೆಲ್ ಟಾಕಿ ಬ್ಯಾರೆ, ಇದು ಬ್ಯಾರೆ. ತುಂಬಿದ ಪೆಟ್ರೋಲ್ ಟಾಕಿಗಿ ನಾ ಅಂಜಂಗಿಲ್ಲ, ಖಾಲಿ ಟಾಕಿಗಿ ಅಂಜ್ತೀನಿ."

ಆ ಅಂಜಿಕೆಯಲ್ಲಿ ಪೂರ್ತಿ ವಿಜ್ಞಾನವಿದೆ. ಉರಿಯುವುದು ದ್ರವವಲ್ಲ, ಆವಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇ 1.4ರಿಂದ 7.6ರಷ್ಟು ಬೆರೆತಾಗ ಮಾತ್ರ ಸಿಡಿಯುತ್ತದೆ. ಅದಕ್ಕಿಂತ ಹೆಚ್ಚಾದರೆ ಉರಿಯಲು ಗಾಳಿ ಸಾಲದು, ಕಡಿಮೆಯಾದರೆ ಆವಿ ಸಾಲದು. ತುಂಬಿದ ಟ್ಯಾಂಕಿನೊಳಗೆ ಆವಿ ಗಿಜಿಗುಟ್ಟಿರುತ್ತದೆ. ಬಗ್ಗಿಸಿ ಖಾಲಿ ಮಾಡಿ ಬಿಸಿಲಿಗಿಟ್ಟ ಟ್ಯಾಂಕಿನಲ್ಲಿ ಅದು ಸರಿಯಾಗಿ ಆ ಅಪಾಯದ ಹದಕ್ಕೆ ಬಂದು ಕೂರಬಹುದು. ಹಿಮಗಡ್ಡೆಯ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ದ್ರವ ಅದು, ಸೇಡಂನ ಮೇ ತಿಂಗಳಲ್ಲಿ ಕೇಳಬೇಕೆ? ಆವಿ ಗಾಳಿಗಿಂತ ಭಾರ ಬೇರೆ, ಬಾಯಿ ತೆರೆದಿಟ್ಟರೆ ಹಾರಿಹೋಗುತ್ತದೆ ಎಂಬುದು ಸುಳ್ಳು ನಂಬಿಕೆ. ಉಸ್ತಾದ್ ಬಟ್ಟೆ ಸೋಡಾ ಕಲಸಿದ ಬಿಸಿನೀರಿನಿಂದ ಮೇಲಿಂದ ಮೇಲೆ ತೊಳೆದರು. ಆಮೇಲೆ ಬೆಸೆಯುವ ಜಾಗವನ್ನು ಮೇಲ್ಮುಖ ಮಾಡಿ, ಅಂಗೈಯಷ್ಟು ಜಾಗ ಬಿಟ್ಟು ಉಳಿದಿದ್ದಕ್ಕೆಲ್ಲ ನೀರು ತುಂಬಿದರು. ಕೆಲವರು ಓಡುವ ಜೀಪಿನ ಸೈಲೆನ್ಸರಿಗೆ ಪೈಪ್ ಕಟ್ಟಿ ಹೊಗೆಯನ್ನು ಟ್ಯಾಂಕಿಗೆ ಬಿಡುತ್ತಾರೆ. ಹೊಗೆಯಲ್ಲಿ ಆಮ್ಲಜನಕ ಕಡಿಮೆ ಎಂಬ ಲೆಕ್ಕ. ಹಳೇ ಎಂಜಿನ್ ಕಿಡಿಯನ್ನೂ ಉಗುಳುತ್ತದೆ, ನನಗೆ ಆ ಪದ್ಧತಿಯ ಮೇಲೆ ಭರವಸೆಯಿಲ್ಲ. ಓದಿದವರು ಮನೆಯಲ್ಲೇ ಪ್ರಯೋಗ ಮಾಡಬಾರದ ಕೆಲಸಗಳಲ್ಲಿ ಇದಕ್ಕೆ ಮೊದಲ ಸ್ಥಾನ.

ತೂತು ಸಣ್ಣದಾದ್ದರಿಂದ ಗ್ಯಾಸ್ ವೆಲ್ಡಿಂಗ್ ಬೇಡವೆಂದರು. ತಗಡು ತೆಳು, ಜ್ವಾಲೆ ತಾಗಿದರೆ ಸಾಸಿವೆಯಷ್ಟಿದ್ದದ್ದು ಹುಣಸೆ ಬೀಜದಷ್ಟಾಗುತ್ತದೆ. ಬೇರೆ ಕಡೆ ಬೆಂಕಿಯಲ್ಲಿ ಕಾಯಿಸಿ ತಂದ ತಾಮ್ರದ ತುಂಡು, ಸೀಸ–ತವರ, ನವಸಾಗರ. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ಅದೇ ನವಸಾಗರ. ತಗಡಿನ ಮೇಲೆ ಹಿತ್ತಾಳೆ ಬ್ರಷ್ ಆಡಿಸಿ ಬೆಳ್ಳಗಾಗಿಸಿ, ಒಂದು ಸಣ್ಣ ತಗಡಿನ ತೇಪೆ ಇಟ್ಟು, ಅಂಚಿನ ಸುತ್ತ ತವರ ಹರಿಯಿಸಿದರು. ಹರಿದ ತವರ ಒಂದು ಕ್ಷಣ ಕನ್ನಡಿಯ ಹಾಗೆ ಮಿಂಚಿ ಆಮೇಲೆ ಮಂಕಾಯಿತು. "ಇದ ಮಂಕ್ ಆಗೋತನ ಕೈ ಹಚ್ಚಬಾರ್ದು" ಎಂದು ಕೈಕೆಳಗಿನ ಹುಡುಗನಿಗೆ ಹೇಳಿದರು. ನವಸಾಗರದ ಉಪ್ಪನ್ನು ತೊಳೆಯದೆ ಬಿಟ್ಟರೆ ತೇಪೆಯ ಪಕ್ಕದಲ್ಲೇ ಮುಂದಿನ ತೂತು. ಆದ್ದರಿಂದ ಮತ್ತೆ ಬಿಸಿನೀರು.

ಒಳಗಿನ ಜಂಗು ತೆಗೆಯುವುದು ಇನ್ನೊಂದು ಅಧ್ಯಾಯ. ಮುಷ್ಟಿಗಟ್ಟಲೆ ಗಟ್ಟಿ ಚೂರು ಹಾಕಿ ಟ್ಯಾಂಕ್ ಅಲ್ಲಾಡಿಸುವುದು ಎಲ್ಲ ಕಡೆಯ ಪದ್ಧತಿ. ಶಹಾಬಾದಿನ ಸುತ್ತ ಕೈ ಚಾಚಿದರೆ ಸಿಗುವುದು ಫರ್ಸಿ ಕಲ್ಲಿನ ಚೂರೇ. ಬರೀ ನೀರಿನ ಜೊತೆಗಾದರೆ ಅಡ್ಡಿಯಿಲ್ಲ. ಆದರೆ ಜಂಗು ಕರಗಿಸಲು ಆ್ಯಸಿಡ್ ಹಾಕುವುದಾದರೆ ಈ ಊರಿನ ಕಲ್ಲು ಹತ್ತಿರ ಸುಳಿಯಬಾರದು. ಅದು ಸುಣ್ಣದಕಲ್ಲು. ಆ್ಯಸಿಡ್ ಬಿದ್ದೊಡನೆ ಬುಸುಗುಟ್ಟಿ ನೊರೆಯೇಳುತ್ತದೆ. ಕಲ್ಲು ಸುಣ್ಣದಕಲ್ಲೋ ಅಲ್ಲವೋ ಎಂದು ತಿಳಿಯಲು ಭೂವಿಜ್ಞಾನಿಗಳು ಮಾಡುವ ಪರೀಕ್ಷೆಯೇ ಅದು. ಜಂಗಿನ ಮೇಲೆ ಹೋಗಬೇಕಾದ ಆ್ಯಸಿಡ್ ಕಲ್ಲಿನ ಮೇಲೆ ಖರ್ಚಾಗಿ, ತಳದಲ್ಲಿ ಬಿಳೀ ರಾಡಿ ಉಳಿಯುತ್ತದೆ. ಉಸ್ತಾದ್ ಹಳೇ ನಟ್ಟುಗಳನ್ನು ಹಾಕಿದರು, ಎಣಿಸಿ ಹಾಕಿದರು, ತೆಗೆಯುವಾಗ ಮತ್ತೆ ಎಣಿಸಿದರು. ಒಂದು ನಟ್ಟು ಒಳಗುಳಿದರೆ ಸೇಡಂನಿಂದ ಹೈದರಾಬಾದಿನತನಕ ಡಿಕ್ಕಿಯಲ್ಲಿ ಗೆಜ್ಜೆ ಸದ್ದು.

ಆ್ಯಸಿಡ್ ಚೆಲ್ಲಿದ ಮೇಲೆ ಅಡುಗೆ ಸೋಡಾದ ನೀರು, ಆಮೇಲೆ ಬರೀ ನೀರು, ಆಮೇಲೆ ಬಿಸಿಲು. ಇಲ್ಲಿಯ ಬಿಸಿಲಿಗೆ ಒಣಗಿಸುವ ಕೆಲಸ ಹೇಳಿಕೊಡಬೇಕಿಲ್ಲ. ಆದರೆ ಬೆತ್ತಲಾದ ಕಬ್ಬಿಣ ಗಂಟೆಯೊಳಗೆ ಮತ್ತೆ ಕೆಂಪಗಾಗಲು ಶುರು ಮಾಡುತ್ತದೆ. ಒಣಗಿದ ಕೂಡಲೇ ಸ್ವಲ್ಪ ಪೆಟ್ರೋಲಿನಲ್ಲಿ ಎಂಜಿನ್ ಆಯಿಲ್ ಬೆರೆಸಿ ಒಳಗೆಲ್ಲ ಹೊರಳಿಸಿಬಿಡಬೇಕು. ಒಳಗೆ ಎಪಾಕ್ಸಿ ಲೇಪ ಕೊಡುವವರಿದ್ದಾರೆ. ಕೊಡುವುದಾದರೆ ಎಥೆನಾಲ್ ತಾಳುವಂಥದ್ದೇ ಆಗಬೇಕು. ಹಳೇ ತರಹದ ಲೇಪಗಳು ಈಗಿನ ಪೆಟ್ರೋಲಿನಲ್ಲಿ ಮೆತ್ತಗಾಗಿ ಸಿಪ್ಪೆ ಸುಲಿದು ಪೈಪಿನ ಬಾಯಿಗೆ ಕೂರುತ್ತವೆ.

ಇನ್ನು ಚಾಲೂ ಮಾಡುವ ಮಾತು. ಟ್ಯಾಂಕ್ ಏರಿಸಿದ ತಕ್ಷಣ ಫುಲ್ ಹೊಡೆಸಿ ಸೆಲ್ಫ್ ಒತ್ತುವುದು ನಮ್ಮವರ ಸಂಭ್ರಮ. ತಪ್ಪೆನ್ನಬೇಕು. ಟ್ಯಾಂಕ್ ಹಿಂದೆ, ಪಂಪ್ ಮುಂದೆ ಎಂಜಿನ್ನಿನ ಪಕ್ಕಕ್ಕೆ. ನಡುವೆ ಕಾರಿನುದ್ದ ಒಂದು ಪೈಪ್, ಅದರೊಳಗೆ ವರ್ಷಗಟ್ಟಲೆ ಹೆಪ್ಪುಗಟ್ಟಿದ ಹಳೇ ಪೆಟ್ರೋಲಿನ ಅಂಟು. ಟ್ಯಾಂಕ್ ಎಷ್ಟು ಹೊಳೆದರೂ ಈ ಪೈಪಿಗೆ ಕೈ ಹಾಕದಿದ್ದರೆ ಕೆಲಸ ಅರ್ಧ. ಉಸ್ತಾದ್ ಎರಡೂ ತುದಿ ಬಿಚ್ಚಿಸಿ, ಪಂಪಿನ ಕಡೆಯಿಂದ ಹಿಂದಕ್ಕೆ ಗಾಳಿ ಹೊಡೆಸಿದರು. ಕಂದು ಬಣ್ಣದ ರವೆ ಬಂದು ಫರ್ಸಿಯ ಮೇಲೆ ಬಿತ್ತು, ಹಳೇ ಬಣ್ಣದ ಡಬ್ಬಿಯ ವಾಸನೆ. ರಬ್ಬರ್ ತುಂಡುಗಳನ್ನು ಎಸೆದು ಹೊಸದು ಹಾಕಿದರು. ತೇಲುಗುಂಡಿನ ಪ್ಯಾಕಿಂಗ್ ಹೊಸದು. ಮೀಟರಿನ ವೈರು, ಅರ್ಥಿಂಗ್ ನೋಡಿದರು. ಟ್ಯಾಂಕಿಗೆ ದಪ್ಪ ಬಣ್ಣ ಬಳಿದು ಕೂಡಿಸಿದಾಗ ಅರ್ಥ್ ಸಿಗದೆ ಮುಳ್ಳು ಮೇಲೇಳುವುದಿಲ್ಲ, ಪೆಟ್ರೋಲ್ ಎಲ್ಲೋ ಸೋರಿತೆಂದು ಒಡೆಯ ಗಾಬರಿಯಾಗುತ್ತಾನೆ. ಎಸಿ ಪಂಪ್ ಬಿಚ್ಚಿ ಡಯಾಫ್ರಾಮ್ ಬದಲಿಸಿದರು. ಎಂಜಿನ್ ಆಯಿಲಿನ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿದ್ದೂ ಪಂಪಿನ ಸಲುವಾಗಿಯೇ. ಡಯಾಫ್ರಾಮ್ ಹರಿದಿದ್ದರೆ ಪೆಟ್ರೋಲ್ ಸೀದಾ ಆಯಿಲಿಗೆ ಇಳಿದಿರುತ್ತದೆ. ಹಾಗಿದ್ದಾಗ ಸೆಲ್ಫ್ ಹೊಡೆದರೆ ಎಂಜಿನ್ ಒಳಗಿಂದ ಹಾಳು.

ಇಷ್ಟಾದ ಮೇಲೂ ಟ್ಯಾಂಕಿನಿಂದ ಚಾಲೂ ಮಾಡಲಿಲ್ಲ. ಆಸ್ಪತ್ರೆಯ ಖಾಲಿ ಸಲಾಯಿನ್ ಬಾಟಲಿಗೆ ಹೊಸ ಪೆಟ್ರೋಲ್ ಹಾಕಿ, ಬಾನೆಟ್ಟಿನ ಮೇಲಿಂದ ತೂಗು ಬಿಟ್ಟು, ನಳಿಗೆಯನ್ನು ನೇರ ಕಾರ್ಬೊರೇಟರಿಗೆ ಕೊಟ್ಟರು. ನಮ್ಮ ಗ್ಯಾರೇಜುಗಳ ಬುದ್ಧಿವಂತಿಕೆಯಲ್ಲಿ ನನಗೆ ಅತಿ ಮೆಚ್ಚಿಗೆಯಾದದ್ದು ಇದು. ಬಾಟಲಿಯಿಂದ ಓಡಿದರೆ ಎಂಜಿನ್, ಪ್ಲಗ್, ಪಾಯಿಂಟ್, ಕಾರ್ಬೊರೇಟರ್ ಎಲ್ಲ ಸರಿ. ಮುಂದೆ ಏನೇ ತಕರಾರು ಬಂದರೂ ಅದು ಟ್ಯಾಂಕ್, ಪೈಪ್, ಪಂಪಿನದ್ದೇ. ಬಾಟಲಿಯಿಂದಲೂ ಓಡದಿದ್ದರೆ ಟ್ಯಾಂಕಿನವನನ್ನು ಬೈಯುವ ಹಕ್ಕಿಲ್ಲ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಪ್ಲಗ್ ನಾಲ್ಕೂ ಬಿಚ್ಚಿ, ಒಂದೊಂದು ತೂತಿಗೆ ಒಂದೊಂದು ಚಮಚ ಆಯಿಲ್ ಬಿಟ್ಟು, ಮುಂದಿನಿಂದ ಹ್ಯಾಂಡಲ್ ಹಾಕಿ ನಿಧಾನ ತಿರುಗಿಸಿದರು. ವರ್ಷಗಟ್ಟಲೆ ನಿಂತ ಪಿಸ್ಟನ್ ರಿಂಗುಗಳು ಒಣಗಿರುತ್ತವೆ. ಹ್ಯಾಂಡಲ್ ಹಿಡಿಯಲು ಹುಡುಗ ಮುಂದಾದಾಗ ಉಸ್ತಾದ್ ಅವನ ಹೆಬ್ಬೆರಳನ್ನು ಹಿಡಿದು ಉಳಿದ ನಾಲ್ಕು ಬೆರಳುಗಳ ಪಕ್ಕಕ್ಕೇ ಸರಿಸಿದರು. ಮುಷ್ಟಿ ಕಟ್ಟಿ ಹಿಡಿಯಬಾರದು. ಎಂಜಿನ್ ಒಮ್ಮೆ ಹಿಂದಕ್ಕೆ ಒದ್ದರೆ, ಹೆಬ್ಬೆರಳು ಆಚೆ ಕಡೆ ಸುತ್ತಿಕೊಂಡಿದ್ದವನಿಗೆ ಮೂಳೆ ಮುರಿತ ಖಾಯಂ. "ನಮ್ ಉಸ್ತಾದ ಕಪಾಳಕ್ಕ ಹೊಡದ ಹೇಳಿದ್ರು, ನಾ ಬಾಯಿಲೇ ಹೇಳಾಕತ್ತೀನಿ."

ಚೋಕ್ ಎಳೆದು, ಪ್ಲಗ್ ಕೂಡಿಸಿ, ಸೆಲ್ಫ್ ಹೊಡೆದಾಗ ಎಂಜಿನ್ ಎರಡು ಸಲ ಕೆಮ್ಮಿ ಹಿಡಿಯಿತು. ಆಯಿಲ್ ದೀಪ ಆರಿತು. ನೀಲಿ ಹೊಗೆ, ಅದು ನಾವೇ ಹಾಕಿದ ಆಯಿಲು. ಒಡೆಯರು ಅಲ್ಲೇ ತೆಂಗಿನಕಾಯಿ ತರಿಸಲು ಹೊರಟರು. "ತಡೀರಿ ಕಾಕಾ, ಇದು ಬಾಟ್ಲಿ ಪೆಟ್ರೋಲ್."

ಬಾಟಲಿ ತೆಗೆದು ಪೈಪ್ ಕೂಡಿಸಿ, ಟ್ಯಾಂಕಿಗೆ ಕ್ಯಾನಿನಿಂದ ಸ್ವಲ್ಪವೇ ಪೆಟ್ರೋಲ್ ಹಾಕಿ, ಎಸಿ ಪಂಪಿನ ಪಕ್ಕದ ಪುಟ್ಟ ಲಿವರನ್ನು ಕೈಯಿಂದ ಒತ್ತಿದರೆ ಏನೂ ಬರಲಿಲ್ಲ. ಲಿವರ್ ಸತ್ತ ಹಾಗೆ ಅಲ್ಲಾಡುತ್ತದೆ. ಇಲ್ಲಿ ಅನೇಕರು ಹೊಸ ಪಂಪ್ ಕಿಟ್ ಸುಳ್ಳು ಎಂದು ತೀರ್ಮಾನಿಸಿ ಮತ್ತೆ ಬಿಚ್ಚುತ್ತಾರೆ. ಅಸಲು ಸಂಗತಿ ಬೇರೆ. ಪಂಪನ್ನು ಓಡಿಸುವುದು ಕ್ಯಾಮ್ ಶಾಫ್ಟಿನ ಒಂದು ಉಬ್ಬು. ಎಂಜಿನ್ ನಿಂತಾಗ ಆ ಉಬ್ಬು ಪಂಪಿನ ತೋಳನ್ನು ಎತ್ತಿ ಹಿಡಿದೇ ನಿಂತಿದ್ದರೆ ಕೈಲಿವರಿಗೆ ಎಳೆಯಲು ಏನೂ ಉಳಿದಿರುವುದಿಲ್ಲ. ಹ್ಯಾಂಡಲನ್ನು ಒಂದು ಸುತ್ತು ತಿರುಗಿಸಿದರೆ ಕ್ಯಾಮ್ ಅರ್ಧ ಸುತ್ತು ತಿರುಗಿ ಉಬ್ಬು ಆಚೆ ಹೋಗುತ್ತದೆ. ಹಾಗೇ ಮಾಡಿದರು. ಲಿವರಿಗೆ ಬಿಗಿ ಬಂತು. ಪಾರದರ್ಶಕ ಪ್ಲಾಸ್ಟಿಕ್ ಫಿಲ್ಟರಿನಲ್ಲಿ ಮೊದಲು ಗುಳ್ಳೆ, ಆಮೇಲೆ ಪೆಟ್ರೋಲ್. ಡೀಸೆಲ್ ಅಂಬಾಸಿಡರಾಗಿದ್ದರೆ ಇದೇ ಹೊತ್ತಿನಲ್ಲಿ ಫಿಲ್ಟರಿನ ಸ್ಕ್ರೂ, ಇಂಜೆಕ್ಷನ್ ಪಂಪಿನ ಸ್ಕ್ರೂ ಸಡಿಲಿಸಿ ಏರ್ ತೆಗೆಯಬೇಕಿತ್ತು. ಲಾರಿ ಡ್ರೈವರುಗಳಿಗೆ ಅದು ಕಣ್ಣು ಮುಚ್ಚಿ ಮಾಡುವ ಕೆಲಸ.

ಗಾಡಿ ಚಾಲೂ ಆಯಿತು. ಓಣಿ ದಾಟಿ ಹೋಯಿತು. ಊರ ಹೊರಗೆ ಎರಡು ಸಲ ಮುಗ್ಗರಿಸಿ ನಿಂತಿತು. ಆಮೇಲೆ ಆದದ್ದೇ ಮೇಲೆ ಹೇಳಿದ ಬಾನೆಟ್ ಸಭೆ. ಮಧ್ಯಾಹ್ನದ ಬಿಸಿಲು ನೋಡಿ ಯಾರೋ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಎಂದರು. ಆ ಸಲಹೆಗೂ ಅರ್ಥವಿದೆ. ಕಲಬುರಗಿ ಜಿಲ್ಲೆಯ ಮೇ ತಿಂಗಳಲ್ಲಿ ಹೊರಗೆ 44 ಡಿಗ್ರಿ ಮುಟ್ಟುತ್ತದೆ, ಬಾನೆಟ್ಟಿನೊಳಗೆ ಇನ್ನೂ ಮೇಲೆ. ಪೆಟ್ರೋಲಿನ ಹಗುರ ಅಂಶಗಳು ಪಂಪಿನಲ್ಲೇ ಕುದಿದು ಆವಿಯಾಗುತ್ತವೆ, ಆವಿಯನ್ನು ಪಂಪ್ ತಳ್ಳಲಾರದು. ಪ್ರೀಮಿಯರ್ ಪದ್ಮಿನಿ ಓಡಿಸಿದವರಿಗೆ ಈ ಒದ್ದೆ ಬಟ್ಟೆಯ ಉಪಚಾರ ಚೆನ್ನಾಗಿ ಗೊತ್ತು. ಆದರೆ ಉಸ್ತಾದ್ ಬಟ್ಟೆ ಮುಟ್ಟಲಿಲ್ಲ. ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಸುಂಯ್ ಎಂದು ಗಾಳಿ ಒಳಗೆ ಎಳೆದುಕೊಂಡ ಸದ್ದು ನಮಗೆಲ್ಲ ಕೇಳಿಸಿತು. ಮುಚ್ಚಳ ಸಡಿಲ ಬಿಟ್ಟು ಸೆಲ್ಫ್ ಹೊಡೆದರೆ ಗಾಡಿ ಚಾಲೂ.

ಪಂಪ್ ಪೆಟ್ರೋಲ್ ಎಳೆದಷ್ಟೂ ಟ್ಯಾಂಕಿನೊಳಗೆ ಗಾಳಿ ಹೋಗಬೇಕು. ಹಳೇ ಮುಚ್ಚಳಕ್ಕೆ ಸೂಜಿ ಗಾತ್ರದ ತೂತು ಇತ್ತು. ಒಡೆಯರು ಪ್ರೀತಿಯಿಂದ ಕೊಂಡು ತಂದ ಹೊಸ ಹೊಳೆಯುವ ಮುಚ್ಚಳಕ್ಕೆ ಇರಲಿಲ್ಲ. ಕೆಲವು ಸಲ ಟ್ಯಾಂಕಿಗೆ ಬಣ್ಣ ಬಳಿಯುವಾಗಲೇ ಗಾಳಿದಾರಿ ಮುಚ್ಚಿಹೋಗುತ್ತದೆ. ಹಾಗಾದಾಗ ಒಳಗೆ ನಿರ್ವಾತ ಬೆಳೆದು ಪಂಪ್ ಸೋಲುತ್ತದೆ; ಒತ್ತಡ ಇಳಿದ ಪೆಟ್ರೋಲ್ ಇನ್ನೂ ಬೇಗ ಆವಿಯಾಗುತ್ತದೆ, ಎರಡು ರೋಗ ಕೈ ಹಿಡಿದು ಬರುತ್ತವೆ. ಬೇರ್ಪಡಿಸಿ ತಿಳಿಯುವುದು ಸುಲಭ: ಮುಚ್ಚಳ ತೆರೆದ ಕೂಡಲೇ ಚಾಲೂ ಆದರೆ ಗಾಳಿಯ ತಕರಾರು; ನೆರಳಲ್ಲಿ ತಣಿದ ಮೇಲಷ್ಟೇ ಚಾಲೂ ಆದರೆ ಬಿಸಿಯ ತಕರಾರು.

ಸಭೆಯಲ್ಲಿ ಒಬ್ಬರು ಎಥೆನಾಲ್ ಪೆಟ್ರೋಲನ್ನು ಬೈದರು. ಈಗ ಹಳೇ ಗಾಡಿಗಳ ಎಲ್ಲ ಪಾಪಕ್ಕೂ ಅದೇ ಹೊಣೆ. ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲೇ. 2025ರ ಹೊತ್ತಿಗೆ ಅದು ದೇಶದ ಬಂಕುಗಳ ಮಾಮೂಲಿ ಪೆಟ್ರೋಲಾಯಿತು. ಚಿಂಚೋಳಿಯಲ್ಲೇ ಎಥೆನಾಲ್ ಘಟಕ ಬಂದು, ಅದರ ಪರವಾನಗಿಯ ಜಗಳ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಎಥೆನಾಲಿನ ಮೇಲಿನ ದೂರಿನಲ್ಲಿ ನಿಜವಿದೆ. ಅದು ಗಾಳಿಯ ತೇವ ಹೀರುತ್ತದೆ. ಹೀರಿದ್ದು ಮಿತಿ ಮೀರಿದರೆ ನೀರು, ಎಥೆನಾಲ್ ಕೂಡಿ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಹಳೇ ಕಾಲದ ರಬ್ಬರನ್ನು ಉಬ್ಬಿಸುತ್ತದೆ. ಮೈಲೇಜ್ ಇಳಿಸುತ್ತದೆ. ಆದರೆ ಟ್ಯಾಂಕಿನ ಜಂಗು ಎಥೆನಾಲ್ ಬರುವ ಮೊದಲೇ ಇತ್ತು. ಎಥೆನಾಲ್ ಅದನ್ನು ಸಡಿಲಿಸಿ ಪೈಪಿಗೆ ಕಳಿಸಿತಷ್ಟೆ. 2000ದಲ್ಲಿ ಸೀಸದ ಪೆಟ್ರೋಲ್ ನಿಂತಾಗಲೂ ಇನ್ನು ಅಂಬಾಸಿಡರ್ ಸತ್ತಿತು ಅಂದವರಿದ್ದರು. ಅದು ಆಮೇಲೂ ಹದಿನಾಲ್ಕು ವರ್ಷ ಹೊಸದಾಗಿ ತಯಾರಾಯಿತು. ರಬ್ಬರ್ ಬದಲಿಸಿ, ವಾರಕ್ಕೊಮ್ಮೆ ಓಡಿಸಿ, ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕ್ ಬಗ್ಗಿಸಿ. ಇಷ್ಟು ಮಾಡುವವರಿಗೆ ಈ ಪೆಟ್ರೋಲು ಶತ್ರುವಲ್ಲ.

ನನಗೆ ಹೆಚ್ಚು ಚಿಂತೆ ಕಾಗದಪತ್ರದ್ದು. ಖಾಸಗಿ ಕಾರಿಗೆ 15 ವರ್ಷ ಮುಗಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ. 20 ವರ್ಷ ದಾಟಿದ ಕಾರಿನ ಶುಲ್ಕವನ್ನು ಕೇಂದ್ರ 2025ರ ಆಗಸ್ಟಿನಲ್ಲಿ 10,000 ರೂಪಾಯಿಗೆ ಏರಿಸಿತು. 50 ವರ್ಷ ದಾಟಿದ್ದಕ್ಕೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಇದೆ, ನಂಬರಿನಲ್ಲಿ ವಿಎ ಎಂಬ ಗುರುತು, 20,000 ರೂಪಾಯಿ ಶುಲ್ಕ. ಆದರೆ ಹಾಗೆ ನೋಂದಾಯಿಸಿದ ಕಾರನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಸೇಡಂನ ಮಾರ್ಕ್ ಫೋರಿಗೆ ಇನ್ನೂ 50 ತುಂಬಿಲ್ಲ. ತುಂಬಿದರೂ ಒಡೆಯರಿಗೆ ಆ ಗೌರವ ಬೇಡ. ಅವರಿಗೆ ಸಂತೆಗೆ ಹೋಗಬೇಕು, ಚಿಂಚೋಳಿಯ ಬೀಗರ ಮನೆಗೆ ಹೋಗಬೇಕು. ಓಡಿಸಲು ಇಟ್ಟ ಹಳೇ ಕಾರಿಗೆ ನಮ್ಮ ಕಾನೂನಿನಲ್ಲಿ ಪ್ರದರ್ಶನದ ಕಾರಿಗಿರುವಷ್ಟು ಮರ್ಯಾದೆಯಿಲ್ಲ ಎಂಬುದು ನನ್ನ ತಕರಾರು.

ಮುಚ್ಚಳಕ್ಕೆ ತೂತು ಕೊರೆಸಿ, ಮರುದಿನ ಬೆಳಿಗ್ಗೆ ಮಳಖೇಡದ ಕಡೆಗೆ ಹೊರಟರು. ಅಲ್ಲಿನ ಮಾನ್ಯಖೇಟದ ಕೋಟೆ ಬಾಗಿಲವರೆಗೆ ಹೋಗಿ ಬರುವುದು, ಅಷ್ಟೇ ಪರೀಕ್ಷೆ. ದಾರಿ ತುಂಬ ಸಿಮೆಂಟ್ ಲಾರಿಗಳು, ಏರಿಳಿತ, ಟ್ಯಾಂಕ್ ಚೆನ್ನಾಗಿ ಕುಲುಕುತ್ತದೆ. ತಳದಲ್ಲಿ ಏನಾದರೂ ಉಳಿದಿದ್ದರೆ ಅಲ್ಲೇ ಎದ್ದು ಬರಬೇಕು. ಬಂತು ಕೂಡ. ಕಾಗಿಣಾ ದಡದಲ್ಲಿ ಬಾನೆಟ್ ಎತ್ತಿ ನೋಡಿದರೆ ಬೆಳ್ಳಗಿದ್ದ ಫಿಲ್ಟರ್ ಕಾಗದ ಚಹಾ ಬಣ್ಣಕ್ಕೆ ತಿರುಗಿತ್ತು. ಉಸ್ತಾದ್ ಜೇಬಿನಿಂದ ಇನ್ನೊಂದು ಫಿಲ್ಟರ್ ತೆಗೆದು ಹಾಕಿದರು, ಹಳೆಯದನ್ನು ಎಸೆಯದೆ ಒಡೆಯರ ಕೈಗೆ ಕೊಟ್ಟರು.

"ಸ್ವಚ್ಛ ಫಿಲ್ಟರ್ ಮೂರು ಸಲ ಸತತ ಬಿಳೀನೇ ಉಳೀಬೇಕು ಕಾಕಾ. ಅಲ್ಲೀತನ ಚಿಂಚೋಳಿ ಬ್ಯಾಡ. ಕಾಡಿನ ದಾರ್‍ಯಾಗ ನಿಂತ್ರ ನನಗ ಫೋನ್ ಹಚ್ತೀರಿ, ಅಲ್ಲಿ ನೆಟ್‌ವರ್ಕ್ ಇರಂಗಿಲ್ಲ."

"ಮತ್ತ ಫುಲ್ ಟಾಕಿ ಯಾವಾಗ ಹೊಡಸ್ಲಿ?"

"ಫಿಲ್ಟರ್ ಕೇಳ್ರಿ, ನನ್ನ ಕೇಳಬ್ಯಾಡ್ರಿ."